ಮನೆ ಗುಂಪಿನಲ್ಲಿ ಜಾನ್ ಹಾಲ್

ದೊಡ್ಡಪ್ಪ: (ಫಾರ್ವರ್ಡ್) ಕುರಿ ಕಾಯುತ್ತಿದ್ದ ಜಾನ್ ಹಾಲ್ ನ್ಯೂಜಿಲೆಂಡಿನ ಪ್ರಧಾನಿಯಾಗಿ 1893ರಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟರು! ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ಮಕ್ಕಳು ಓದಲಿ. ದುಡಿದವನು ದೇಶವನ್ನೇ ಆಳಬಹುದು.

ಅಕ್ಕ: ಎಲ್ಲಿಂದ ಬಂತು ಇದು ದೊಡ್ಡಪ್ಪ? ಹಾಲ್ ಪ್ರೀಮಿಯರ್, ಅಂದ್ರೆ ಆಗಿನ ಪ್ರಧಾನಿ, ಆಗಿದ್ದು 1879ರಿಂದ 1882ರವರೆಗೆ. 1893ರಲ್ಲಿ ಇದ್ದದ್ದು ಸೆಡನ್, ಅವರಿಗೆ ಈ ಹಕ್ಕು ಬೇಕಿರಲೇ ಇಲ್ಲ. ಹಾಲ್ ಕುರಿ ಕಾದವರೂ ಅಲ್ಲ. ಅಲ್ಲಿನ ಕ್ಯಾಂಟರ್ಬರಿ ಪ್ರಾಂತ್ಯದ ಹೊರೊರಾಟಾ ಹತ್ತಿರ ಸಾವಿರಾರು ಎಕರೆಯ ಟೆರೇಸ್ ಸ್ಟೇಷನ್ ಎಂಬ ಕುರಿ ಫಾರ್ಮ್ ಅವರದು.

ಮಂಜು: ಕುರಿ ಅಂದ್ರೆ ತಾತನ ಕರಿ ಕಂಬಳಿ ನೆನಪಾಗುತ್ತೆ. ಮಳೆಗಾಲದಲ್ಲಿ ಅದರ ವಾಸನೆ! ಈಗ ಯಾರ ಮನೇಲಿದೆ?

ಅತ್ತೆ: ಅಣ್ಣನ ಅಟ್ಟದಲ್ಲಿ. ಕೇಳಿದರೆ ಕೊಡಲ್ಲ. ಅಲ್ಲಾ, ಹೋರಾಡಿದ ಹೆಂಗಸರ ಹೆಸರೇ ಇಲ್ವಲ್ಲ ಇದರಲ್ಲಿ?

ಅಕ್ಕ: ಅದೇ ಅತ್ತೆ. ಕೇಟ್ ಶೆಪರ್ಡ್ ಮತ್ತು ಸಂಗಡಿಗರು 1892ರಲ್ಲಿ ಸುಮಾರು 20,000 ಸಹಿ ತಂದರು, ಸಾಲಲಿಲ್ಲ. ಮರುವರ್ಷ ಸುಮಾರು 32,000. ಮುಖ್ಯ ಮನವಿಯ 546 ಹಾಳೆಗಳನ್ನು ತುದಿಗೆ ತುದಿ ಅಂಟಿಸಿ ಪೊರಕೆ ಕೋಲಿನ ತುಂಡಿಗೆ ಸುತ್ತಿದರು. ಉದ್ದ 270 ಮೀಟರಿಗೂ ಹೆಚ್ಚು. ಹಾಲ್ ಸದನದ ನಡುವೆ ಉರುಳಿಸಿದಾಗ ಸುರುಳಿ ಬಿಚ್ಚಿಕೊಳ್ಳುತ್ತಾ ಹೋಗಿ, ಕೋಲು ಆಚೆ ಗೋಡೆಗೆ ಧಡ್ ಅಂತ ಬಡಿಯಿತು. ಹಾಲ್ ಅವರ ದೊಡ್ಡತನ ಇಲ್ಲಿದೆ. ವಿರೋಧ ಪಕ್ಷದಲ್ಲಿದ್ದೂ ಬಿಡದೆ ಹಿಡಿದರು.

ತಮ್ಮ: ಕೊನೆಗೆ ಪಾಸಾದದ್ದು ಸರ್ಕಾರದ ಚುನಾವಣಾ ಮಸೂದೆ. ಸೆಡನ್ ಮೇಲ್ಮನೆಯ ಒಬ್ಬರ ಮತವನ್ನು ವಿರುದ್ಧಕ್ಕೆ ತಿರುಗಿಸಿದರು. ಅದಕ್ಕೆ ಸಿಟ್ಟಾಗಿ ಇಬ್ಬರು ವಿರೋಧಿಗಳು ಪರವಾಗಿ ಹಾಕಿಬಿಟ್ಟರು. ಪರ 20, ವಿರುದ್ಧ 18. ಗವರ್ನರ್ ಸಹಿ ಸೆಪ್ಟೆಂಬರ್ 19ಕ್ಕೆ.

ತಮ್ಮ: ಇನ್ನೊಂದು. ಇದೇ ಹಾಲ್ ಸರ್ಕಾರ 1881ರ ನವೆಂಬರ್ 5ರಂದು ಅಲ್ಲಿನ ಮೂಲನಿವಾಸಿ ಮಾವೊರಿಗಳ ಪಾರಿಹಾಕಾ ಎಂಬ ಹಳ್ಳಿಗೆ ಸುಮಾರು 1,600 ಜನರ ಪಡೆ ನುಗ್ಗಿಸಿತು. ಎದುರಿಗೆ ಹಾಡುತ್ತಾ ಕೂತಿದ್ದವರು ಮಕ್ಕಳು. ಮುಖಂಡರಾದ ತೆ ವಿಟಿ, ತೊಹು ಇಬ್ಬರನ್ನೂ ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟರು. ಅದನ್ನೂ ಬರೀಬೇಕಲ್ವಾ?

ದೊಡ್ಡಪ್ಪ: ಒಳ್ಳೇದು ಕಳಿಸಿದರೂ ಹುಳುಕು ಹುಡುಕ್ತೀರಿ. ಬೇವಿನೆಲೆ ಮೆಸೇಜಿಗೂ ಹೀಗೇ ಮಾಡಿದ್ರಿ. ಹಿರಿಯರ ಮಾತಿಗೆ ಬೆಲೆ ಬೇಡವೇ?

ಅತ್ತೆ: ಬೆಲೆ ಕೊಟ್ಟೇ ಅಲ್ವಾ ಅಣ್ಣ, ಪಾಲಿನ ಪತ್ರಕ್ಕೆ ಓದದೆ ಸಹಿ ಹಾಕಿದ್ದು?

ದೊಡ್ಡಪ್ಪ: ಅದನ್ನ ಇಲ್ಲಿಗೆ ಯಾಕೆ ತರ್ತೀಯ?

ಅಕ್ಕ: ದೊಡ್ಡಪ್ಪ, ಪ್ರಧಾನಿ ಅನ್ನೋದು ತೆಗೆದು ಶೆಪರ್ಡ್ ಹೆಸರು ಸೇರಿಸಿ. ಚುನಾವಣೆಗೆ ನಿಲ್ಲೋ ಹಕ್ಕು ಹೆಂಗಸರಿಗೆ ಸಿಕ್ಕಿದ್ದು 1919ರಲ್ಲಿ, ಅದನ್ನೂ ಹಾಕಿ.

ಅತ್ತೆ: ಮೊದಲು ಆ ಪತ್ರದ ಜೆರಾಕ್ಸ್ ಕಳಿಸು ಅಣ್ಣ.