ಪಿಕಪ್ ಎಡಕ್ಕೆ ಎಳೆಯುತ್ತಿದೆ, ಕ್ಯಾಲಿಪರ್ ಮನೆಯಲ್ಲೇ ನೋಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾನು ತೀರ್ಥಹಳ್ಳಿ ಕಡೆಯವನು. ಅಡಿಕೆ, ಗೊಬ್ಬರ ಸಾಗಿಸುವ ಪಿಕಪ್ ಇದೆ, 8 ವರ್ಷ ಹಳೆಯದು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮಳೆಗಾಲ ಮುಗಿದ ಮೇಲೆ ಬ್ರೇಕ್ ಹಾಕದೇ ಇದ್ದರೂ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತಿದೆ. ಎಡಗಡೆ ಮುಂದಿನ ಚಕ್ರದಲ್ಲಿ ಸುಟ್ಟ ವಾಸನೆ. ಗ್ಯಾರೇಜಿನಲ್ಲಿ ಚಕ್ರ ಬಿಚ್ಚದೇನೇ ಎರಡೂ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತಿ ಹಿಡಿಯುವ ಭಾಗ) ಹೊಸದು ಹಾಕಬೇಕು ಅಂದರು. ನಾನೇ ಬಿಚ್ಚಿ ನೋಡಬಹುದಾ? ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆ.

ಉತ್ತರ (ಮೆಕ್ಯಾನಿಕ್): ಧಾರಾಳವಾಗಿ ನೋಡಿ ಸರ್. ಬರೀ ಎಳೆತ ಆಗಿದ್ದರೆ ಟೈರಿನ ಗಾಳಿ, ಅಲೈನ್‌ಮೆಂಟ್ ನೋಡಿ ಅನ್ನುತ್ತಿದ್ದೆ. ಜೊತೆಗೆ ವಾಸನೆ ಇದೆ ಅಂದರೆ ಎಡಗಡೆ ಬ್ರೇಕ್ ಹಿಡಿದುಕೊಂಡೇ ಇರಬೇಕು. ಆದರೆ ಅದಕ್ಕೆ ಇಡೀ ಕ್ಯಾಲಿಪರ್ರೇ ಹೋಗಿರಬೇಕು ಅಂತಿಲ್ಲ. ಕ್ಯಾಲಿಪರ್ ಆಚೀಚೆ ಜಾರಲು ಇರುವ ಸ್ಲೈಡ್ ಪಿನ್ ಜಾಮ್ ಆಗಿರಬಹುದು, ಪ್ಯಾಡನ್ನು ಒತ್ತುವ ಪಿಸ್ಟನ್ ತುಕ್ಕು ಹಿಡಿದಿರಬಹುದು, ಬ್ರೇಕಿನ ರಬ್ಬರ್ ಹೋಸ್ ಒಳಗೆ ಊದಿಕೊಂಡಿರಬಹುದು. ಮೂರರ ಖರ್ಚೂ ಬೇರೆ ಬೇರೆ, ಪಿನ್ನಿನದು ತೀರಾ ಕಡಿಮೆ.

ಮೊದಲು ಸಮತಟ್ಟು ರಸ್ತೆಯಲ್ಲಿ 4–5 ಕಿ.ಮೀ. ಹೋಗಿ ಬನ್ನಿ, ಬ್ರೇಕ್ ಆದಷ್ಟು ಕಡಿಮೆ ಹಾಕಿ. ನಿಲ್ಲಿಸಿ ಎರಡೂ ಮುಂದಿನ ಚಕ್ರದ ಹತ್ತಿರ ಕೈ ಒಡ್ಡಿ ಕಾವು ನೋಡಿ. ಡಿಸ್ಕ್ ಮುಟ್ಟಬೇಡಿ, ಚರ್ಮ ಅಂಟಿಕೊಳ್ಳುತ್ತದೆ. ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ನಿಲ್ಲಿಸಿ ನೋಡಿದರೆ ಉಪಯೋಗವಿಲ್ಲ, ಆಗ ಎರಡೂ ಕಡೆ ಕಾದೇ ಇರುತ್ತದೆ.

ಆಮೇಲೆ ಲೋಡ್ ಇಳಿಸಿ, ಗಟ್ಟಿ ನೆಲದಲ್ಲಿ ನಿಲ್ಲಿಸಿ, ಬ್ರೇಕ್ ಪೂರ್ತಿ ತಣ್ಣಗಾಗಲಿ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಹ್ಯಾಂಡ್ ಬ್ರೇಕ್ ಹಾಕಿ. ಚಕ್ರ ನೆಲದಲ್ಲಿ ಇರುವಾಗಲೇ ನಟ್ ಸಡಿಲ ಮಾಡಿ, ಜಾಕ್ ಆಮೇಲೆ. ಎತ್ತಿದ ಮೇಲೆ ಚಾಸಿಸ್ ಕೆಳಗೆ ಸ್ಟ್ಯಾಂಡ್ ಇರಲೇಬೇಕು. ಕೆಲವರು ಹಾಲೋ ಬ್ಲಾಕ್ ಜೋಡಿಸುತ್ತಾರೆ. ದಯವಿಟ್ಟು ಬೇಡ, ಅದು ಹೇಳದೆ ಕೇಳದೆ ಒಡೆಯುತ್ತದೆ.

ಚಕ್ರ ತೆಗೆದರೆ ಕ್ಯಾಲಿಪರ್ ಹಿಂದೆ ಎರಡು ಬೋಲ್ಟ್ ಕಾಣುತ್ತವೆ. ಎರಡನ್ನೂ ಬಿಚ್ಚಿ ಕ್ಯಾಲಿಪರ್ ಹೊರಗೆ ತೆಗೆದು ತಂತಿಯಲ್ಲಿ ಸ್ಪ್ರಿಂಗಿಗೆ ಅಥವಾ ಚಾಸಿಸ್‌ಗೆ ಕಟ್ಟಿ. ಹೋಸ್ ಮೇಲೆ ಅದರ ಭಾರ ಬೀಳಬಾರದು. ಈ ಹೊತ್ತಿನಲ್ಲಿ ಯಾರೂ ಪೆಡಲ್ ತುಳಿಯಬಾರದು, ಮನೆ ಮಕ್ಕಳು ಕ್ಯಾಬಿನ್ ಹತ್ತದಂತೆ ನೋಡಿಕೊಳ್ಳಿ. ಧೂಳಿಗೆ ಗಾಳಿ ಹೊಡೆಯಬೇಡಿ, ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿ ಒರೆಸಿ.

ಈಗ ಪ್ಯಾಡ್ ನೋಡಿ. ನನ್ನ ಮಟ್ಟಿಗೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ. ಒಳಗಿನದು, ಹೊರಗಿನದು ಹೆಚ್ಚುಕಡಿಮೆ ಒಂದೇ ಸಮ ಸವೆದಿರಬೇಕು. ಒಳಗಿನದು ತುಂಬಾ ಜಾಸ್ತಿ ಸವೆದಿದ್ದರೆ ಪಿನ್ ಅಥವಾ ಪಿಸ್ಟನ್ ಮೇಲೆ ಅನುಮಾನ. ಒಂದೇ ಪ್ಯಾಡ್ ಒಂದು ತುದಿಯಲ್ಲಿ ತೆಳ್ಳಗೆ, ಇನ್ನೊಂದು ತುದಿಯಲ್ಲಿ ದಪ್ಪ ಇದ್ದರೆ ಎರಡರಲ್ಲಿ ಒಂದು ಪಿನ್ ಜಾಮ್ ಆಗಿರುವುದೇ ಹೆಚ್ಚು. ಪ್ಯಾಡಿನ ಮಸಾಲೆ (ತಗಡಿನ ಮೇಲೆ ಅಂಟಿರುವ, ಸವೆಯುವ ಪದರ) 3 ಮಿ.ಮೀ.ಗೆ ಬಂದಿದ್ದರೆ ಹೇಗಿದ್ದರೂ ಬದಲಾಯಿಸಿ. ಡಿಸ್ಕ್ ಎಷ್ಟು ತೆಳ್ಳಗಾಗಬಹುದು ಅನ್ನುವುದನ್ನು ಸಾಮಾನ್ಯವಾಗಿ ಅದರ ಮೇಲೇ ಅಚ್ಚು ಹಾಕಿರುತ್ತಾರೆ.

ಪಿನ್ ಕೈಯಲ್ಲೇ ಒಳಗೆ ಹೊರಗೆ ಆಡಬೇಕು. ಪಿಸ್ಟನ್ ನೋಡಲು ಅದರ ಮೇಲೆ ಹಳೇ ಪ್ಯಾಡ್ ಇಟ್ಟು ಸಿ ಕ್ಲ್ಯಾಂಪ್‌ನಲ್ಲಿ ನಿಧಾನ ಒತ್ತಿ. ಅದಕ್ಕೂ ಮುಂಚೆ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಮಟ್ಟ ನೋಡುತ್ತಿರಿ. ಉಕ್ಕಿ ಚೆಲ್ಲಿದರೆ ಪೇಂಟ್ ಕಿತ್ತುಹೋಗುತ್ತದೆ. ಪಿಸ್ಟನ್ ಒಳಗೆ ಹೋಗದಿದ್ದರೆ ಬ್ಲೀಡಿಂಗ್ ನಿಪ್ಪಲ್ (ಬ್ರೇಕ್ ಲೈನಿನ ಗಾಳಿ ತೆಗೆಯಲು ಕ್ಯಾಲಿಪರ್ ಮೇಲಿರುವ ಸಣ್ಣ ಸ್ಕ್ರೂ) ಸ್ವಲ್ಪ ಸಡಿಲಿಸಿ ಮತ್ತೆ ಒತ್ತಿ. ಆಗ ಸಲೀಸಾಗಿ ಹೋದರೆ ಕ್ಯಾಲಿಪರ್ ಚೆನ್ನಾಗಿದೆ, ಹೋಸ್ ಅಥವಾ ಅದರ ಹಿಂದೆ ಎಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ. ಆದರೆ ನಿಪ್ಪಲ್ ಬಿಚ್ಚಿದರೆ ಲೈನಿನೊಳಗಿನ ಏರ್ ತೆಗೆಯದೆ ಗಾಡಿ ಓಡಿಸುವ ಹಾಗಿಲ್ಲ. ಆ ಕೆಲಸ ಗೊತ್ತಿಲ್ಲದಿದ್ದರೆ ನಿಪ್ಪಲ್ ಮುಟ್ಟಬೇಡಿ.

ಪ್ರಶ್ನೆ ಕೇಳಿದವರು: ಬಿಚ್ಚಿದೆ ಸರ್. ಒಳಗಿನ ಪ್ಯಾಡ್ ಹತ್ತಿರ ಹತ್ತಿರ ತಗಡಿಗೆ ಬಂದಿದೆ, ಹೊರಗಿನದು ಅರ್ಧ ಇದೆ. ಪಿಸ್ಟನ್ ಆರಾಮಾಗಿ ಹೋಯಿತು. ಕೆಳಗಿನ ಪಿನ್ ಅಲ್ಲಾಡುತ್ತಿಲ್ಲ, ಅದರ ರಬ್ಬರ್ ಬೂಟ್ ಹರಿದಿದೆ. ಡೀಸೆಲ್‌ನಲ್ಲಿ ತೊಳೆದು ಚಾಸಿಸ್ ಗ್ರೀಸ್ ಹಚ್ಚಲಾ?

ಉತ್ತರ: ಎರಡೂ ಬೇಡ. ಡೀಸೆಲ್, ಮಾಮೂಲಿ ಗ್ರೀಸ್ ತಾಗಿದರೆ ಬ್ರೇಕಿನ ರಬ್ಬರ್ ಊದಿಕೊಳ್ಳುತ್ತದೆ, ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಹರಿದ ಬೂಟಿನಿಂದ ನಿಮ್ಮ ಮಳೆ ನೀರು, ಕೆಸರು ಒಳಗೆ ಹೋಗಿದೆ, ಅಷ್ಟೇ. ಪಿನ್ನನ್ನು ತಿರುಗಿಸುತ್ತಾ ತೆಗೆಯಿರಿ. ಬ್ರೇಕ್ ಕ್ಲೀನರ್‌ನಲ್ಲಿ ತೊಳೆದು, ಸಣ್ಣ ತುಕ್ಕಿದ್ದರೆ ನೈಸ್ ಎಮರಿಯಲ್ಲಿ ಉಜ್ಜಿ. ಗುಳಿ ಬಿದ್ದಿದ್ದರೆ ಹೊಸ ಪಿನ್ ಹಾಕಿ. ಪಿನ್ ಕೂರುವ ತೂತನ್ನೂ ಸ್ವಚ್ಛ ಮಾಡಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ, ಹೊಸ ಬೂಟ್ ಹಾಕಿ. ಮೇಲಿನ ಪಿನ್, ಕೆಳಗಿನ ಪಿನ್ ಅದಲು ಬದಲು ಮಾಡಬೇಡಿ, ಕೆಲವು ಗಾಡಿಗಳಲ್ಲಿ ಎರಡೂ ಬೇರೆ ಬೇರೆ ಇರುತ್ತವೆ.

ಪ್ಯಾಡ್ ಮಾತ್ರ ಎಡ, ಬಲ ಎರಡೂ ಕಡೆ ಹೊಸದು ಹಾಕಿ. ಬಲಗಡೆ ಪಿನ್ ಕೂಡ ಅದೇ ಮಳೆಯಲ್ಲಿ ನೆನೆದಿದೆ ಅಲ್ವಾ, ಅದನ್ನೂ ತೆಗೆದು ನೋಡಿ.

ಇನ್ನೊಬ್ಬ ಸದಸ್ಯರು: ಅಣ್ಣಾ, ನನ್ನ ಗಾಡಿಯಲ್ಲಿ ಪಿಸ್ಟನ್ನೇ ಹಿಡಿದಿದೆ. ಪಂಚರ್ ಅಂಗಡಿಯ ಗಾಳಿ ಕೊಟ್ಟು ಹೊರಗೆ ತೆಗೆಯಬಹುದಾ?

ಉತ್ತರ: ಬೇಡಪ್ಪ. ಗಾಳಿಗೆ ಅದು ಸಿಡಿದು ಬರುತ್ತದೆ, ಬೆರಳು ಹೋಗುತ್ತದೆ. ಪಿಸ್ಟನ್ ಹೊರಗೆ ತೆಗೆದು ಸೀಲ್ ಕಿಟ್ ಹಾಕುವುದು ಗ್ಯಾರೇಜಿನ ಕೆಲಸ. ಸಿಲಿಂಡರ್ ಒಳಗೆ ತುಕ್ಕಿನ ಗುಳಿ ಇದ್ದರೆ ಕಿಟ್ ಹಾಕಿದರೂ ನಿಲ್ಲಲ್ಲ, ಆಗ ಕ್ಯಾಲಿಪರ್ ಬದಲಾಯಿಸಲೇಬೇಕು.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಆಯಿತು ಸರ್. ಜೋಡಿಸಿದ ಮೇಲೆ ಸೀದಾ ಲೋಡ್ ಹಾಕಬಹುದಾ?

ಉತ್ತರ: ಮೊದಲು ಬೋಲ್ಟ್‌ಗಳನ್ನು ಮ್ಯಾನುಯಲ್‌ನಲ್ಲಿ ಕೊಟ್ಟಿರುವ ಟಾರ್ಕ್‌ಗೆ (ಬಿಗಿಯ ಅಳತೆಗೆ) ಬಿಗಿ ಮಾಡಿ. ಗಾಡಿ ನಿಂತಲ್ಲೇ ಪೆಡಲ್ ಗಟ್ಟಿಯಾಗುವ ತನಕ ಪಂಪ್ ಮಾಡಿ. ಪಿಸ್ಟನ್ ಹಿಂದಕ್ಕೆ ಒತ್ತಿದ್ದೀರಿ, ಮೊದಲ ಸಲ ತುಳಿದಾಗ ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ಆಮೇಲೆ ಆಯಿಲ್ ಮಟ್ಟ ನೋಡಿ, ಖಾಲಿ ಗಾಡಿಯಲ್ಲಿ ಊರೊಳಗೆ ನಿಧಾನವಾಗಿ ಓಡಿಸಿ, ಮತ್ತೆ ಕಾವು ನೋಡಿ. ಎರಡೂ ಕಡೆ ಒಂದೇ ಸಮ ಇದ್ದರೆ ಅಡಿಕೆ ತುಂಬಿ.