ಹುಲ್ಲು ಕತ್ತರಿಸುವ ಮೆಷಿನ್: ಎಂಜಿನ್ ನಿಂತಿದ್ದರೂ ಥ್ರಾಟಲ್ ಪೂರ್ತಿ ತೆರೆದಿದೆ, ಇದು ಸರಿನಾ?

ಬಿಚ್ಚಿನೋಡುವವ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ತಳ್ಳಿಕೊಂಡು ಹೋಗುವ ಹುಲ್ಲು ಕತ್ತರಿಸುವ ಮೆಷಿನ್ ಒಂದಿದೆ. 160 ಸಿಸಿ, ಫೋರ್ ಸ್ಟ್ರೋಕ್, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಒಳಗೆಲ್ಲ ಹುಲ್ಲಿನ ಚೂರು ತುಂಬಿಕೊಂಡಿತ್ತು ಅಂತ ಮೇಲಿನ ಕವರ್ ತೆಗೆದೆ. ತೆಗೆದ ಮೇಲೆ ಕ್ಲೀನ್ ಮಾಡುವುದು ಬಿಟ್ಟು ಸುಮ್ನೆ ನೋಡುತ್ತಾ ಕೂತುಬಿಟ್ಟೆ.

ಬೈಕ್ ಎಂಜಿನ್ ಬಗ್ಗೆ ಅಲ್ಪಸ್ವಲ್ಪ ಗೊತ್ತು. ಪಿಸ್ಟನ್, ವಾಲ್ವ್, ಪ್ಲಗ್ ಅಂದರೆ ಹೆದರಿಕೆ ಇಲ್ಲ. ಆದರೆ ಇದರಲ್ಲಿ ಕೆಲವು ವಿಷಯ ತಲೆಗೆ ಹತ್ತುತ್ತಿಲ್ಲ. ಎಂಜಿನ್ ಆಫ್ ಇದೆ, ಆದರೂ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಒಳಗಿನ ಥ್ರಾಟಲ್ ತಟ್ಟೆ (ಎಂಜಿನ್‌ಗೆ ಎಷ್ಟು ಹೋಗಬೇಕು ಅಂತ ತಡೆಯುವ ಬಾಗಿಲು) ಪೂರ್ತಿ ತೆರೆದುಕೊಂಡಿದೆ. ಬೆರಳಲ್ಲಿ ಮುಚ್ಚಿದರೆ ಒಂದು ಸ್ಪ್ರಿಂಗ್ ಎಳೆದು ಮತ್ತೆ ತೆರೆಯುತ್ತದೆ. ಬೈಕಿನಲ್ಲಿ ಉಲ್ಟಾ ಅಲ್ವಾ? ಯಾರೋ ತಪ್ಪಾಗಿ ಜೋಡಿಸಿದ್ದಾರಾ?

ಬ್ಯಾಟರಿ ಇಲ್ಲ, ಹಾಗಿದ್ದರೆ ಪ್ಲಗ್‌ಗೆ ಕರೆಂಟ್ ಎಲ್ಲಿಂದ? ಆಯಿಲ್ ಪಂಪ್ ಇರುವ ಲಕ್ಷಣವೇ ಇಲ್ಲ. ಬ್ಲೇಡಿಗೂ ಎಂಜಿನ್‌ಗೂ ನಡುವೆ ಕ್ಲಚ್ಚೂ ಕಾಣುತ್ತಿಲ್ಲ. ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಟಾಪ್‌ಗೇರ್

ಬಾಸ್, ಬೈಕ್ ಎಂಜಿನ್ನೇ ಇದು, ಅಡ್ಡ ಮಲಗಿಸಿದ್ದಾರೆ ಅಷ್ಟೇ. ಥ್ರಾಟಲ್‌ಗೆ ಹೋಗುವ ಆ ಸಣ್ಣ ಕಡ್ಡಿ, ಸ್ಪ್ರಿಂಗ್ ಎರಡನ್ನೂ ಕಳಚಿ ಬಿಸಾಕಿ. ಒಂದು ಬೈಕ್ ಕೇಬಲ್ ತಂದು ನೇರವಾಗಿ ಕಟ್ಟಿ. ಬೇಕಾದಾಗ ರೇಸ್ ಕೊಡಬಹುದು. ಪವರ್ ಕೂಡ ಜಾಸ್ತಿ ಸಿಗುತ್ತದೆ.

ಹಳೇಸ್ಪ್ಯಾನರ್

ದಯವಿಟ್ಟು ಹಾಗೆ ಮಾಡಬೇಡಿ. ಆ ಕಡ್ಡಿ ಕಳಚಿದರೆ ಕೈ ಕಾಲು ಹೋಗುವ ಕೆಲಸ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಸಣ್ಣ ಎಂಜಿನ್ ರಿಪೇರಿ ನನ್ನ ಹೊಟ್ಟೆಪಾಡು, ಮಾತು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ.

ಮೊದಲು ಒಂದು ಕೆಲಸ. ಕೈ ಹಾಕುವ ಮುಂಚೆ ಪ್ಲಗ್‌ನ ವೈರ್ ಕಿತ್ತು ದೂರ ಇಡಿ. ಬ್ಲೇಡ್ ತಿರುಗಿಸಿದರೆ ಎಂಜಿನ್ ತಿರುಗುತ್ತದೆ, ಎಂಜಿನ್ ತಿರುಗಿದರೆ ಕಿಡಿ ಹಾರುತ್ತದೆ. ಬ್ಯಾಟರಿ ಇಲ್ಲ ಅಂತ ಧೈರ್ಯ ಮಾಡಬೇಡಿ.

ಈಗ ವಿಷಯಕ್ಕೆ. ಬೈಕ್ ಎಂಜಿನ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಸ್ಪೀಡ್. ಬೈಕಿನ ಸ್ಪೀಡ್ ನಿಮ್ಮ ಕೈಯಲ್ಲಿರುತ್ತದೆ. ಈ ಎಂಜಿನ್‌ಗೆ ಇರುವುದು ಒಂದೇ ಕೆಲಸ: ಹುಲ್ಲು ದಟ್ಟ ಇರಲಿ, ತೆಳುವಾಗಿರಲಿ, ಒಂದೇ ಸ್ಪೀಡಿನಲ್ಲಿ ತಿರುಗುತ್ತಿರಬೇಕು. ಸಾಮಾನ್ಯವಾಗಿ ನಿಮಿಷಕ್ಕೆ 3000 ಸುತ್ತಿನ ಆಸುಪಾಸು. ಅಂದರೆ ಸೆಕೆಂಡಿಗೆ 50 ಸುತ್ತು. ಬ್ಲೇಡ್ ನೇರವಾಗಿ ಕ್ರ್ಯಾಂಕ್ ಶಾಫ್ಟಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ತುದಿಗೇ ಬೋಲ್ಟ್ ಆಗಿರುತ್ತದೆ. ಅದಕ್ಕೇ ನಿಮಗೆ ಕ್ಲಚ್ ಕಾಣಲಿಲ್ಲ. ಶಾಫ್ಟ್ ನೆಟ್ಟಗೆ ನಿಂತಿರುವುದೂ ಇದಕ್ಕೇ. 53 ಸೆಂಟಿಮೀಟರ್ ಬ್ಲೇಡ್ ಆದರೆ ಅದರ ತುದಿ ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ. ಬೇಕಾದರೆ ಲೆಕ್ಕ ಹಾಕಿ ನೋಡಿ.

ಈ ಸ್ಪೀಡ್ ಕಾಯುವುದು ಗವರ್ನರ್. ಕೆಳಗಡೆ ಆಯಿಲ್ ಇರುವ ಜಾಗದಲ್ಲಿ ಒಂದು ಸಣ್ಣ ಗೇರ್ ಇದೆ, ಅದರ ಮೇಲೆ ಹಿಂಜ್ ಹಾಕಿದ ಎರಡು ಮೂರು ತೂಕದ ತುಂಡುಗಳು. ಗೇರ್ ಜೋರಾಗಿ ತಿರುಗಿದರೆ ಆ ತುಂಡುಗಳು ಹೊರಕ್ಕೆ ಅಗಲುತ್ತವೆ. ಅಗಲಿದಾಗ ಒಂದು ಪುಟ್ಟ ಬಟ್ಟಲನ್ನು ಮೇಲಕ್ಕೆ ತಳ್ಳುತ್ತವೆ. ಅದು ಒಂದು ಲಿವರ್ ತಿರುಗಿಸುತ್ತದೆ. ಲಿವರ್ ಎಂಜಿನ್‌ನಿಂದ ಹೊರಗೆ ಬಂದು ಟಾಪ್‌ಗೇರ್ ಅವರು ಬಿಸಾಕಿ ಅಂದ ಆ ಕಡ್ಡಿಯ ಮೂಲಕ ಥ್ರಾಟಲ್ ಮುಚ್ಚುತ್ತದೆ. ಸ್ಪ್ರಿಂಗ್ ತೆರೆಯಲು ಎಳೆಯುತ್ತದೆ, ತೂಕ ಮುಚ್ಚಲು ತಳ್ಳುತ್ತದೆ. ಇಬ್ಬರ ಜಗಳ ಎಲ್ಲಿ ಸಮ ಆಗುತ್ತದೋ ಅದೇ ನಿಮ್ಮ ಸ್ಪೀಡ್. ದಟ್ಟ ಹುಲ್ಲಿಗೆ ನುಗ್ಗಿದಿರಿ, ಸ್ಪೀಡ್ ಬಿತ್ತು, ತೂಕಗಳು ಒಳಕ್ಕೆ ಬಂದವು, ಸ್ಪ್ರಿಂಗ್ ಗೆದ್ದಿತು, ಥ್ರಾಟಲ್ ತೆರೆಯಿತು. ಆಗ ಎಂಜಿನ್ ಗುರ್ರ್ ಅಂತ ದನಿ ದಪ್ಪ ಮಾಡುತ್ತದಲ್ಲ, ಅದೇ ಇದು.

ಎಂಜಿನ್ ನಿಂತಿರುವಾಗ ತೂಕಗಳಿಗೆ ಬಲವೇ ಇಲ್ಲ. ಸ್ಪ್ರಿಂಗ್ ಒಂದೇ ಎಳೆಯುತ್ತಿರುತ್ತದೆ. ಆದ್ದರಿಂದ ಥ್ರಾಟಲ್ ಪೂರ್ತಿ ತೆರೆದಿರಲೇಬೇಕು. ನಿಮ್ಮದು ಸರಿಯಾಗಿಯೇ ಇದೆ. ಮುಚ್ಚಿಕೊಂಡಿದ್ದರೆ ಆಗ ಚಿಂತೆ ಮಾಡಬೇಕಿತ್ತು.

ಕಡ್ಡಿ ಕಳಚಿ ಕೇಬಲ್ ಕಟ್ಟಿದರೆ ಏನಾಗುತ್ತದೆ? ದಟ್ಟ ಹುಲ್ಲಿನಲ್ಲಿ ರೇಸ್ ಕೊಟ್ಟಿರುತ್ತೀರಿ, ಹುಲ್ಲು ಮುಗಿದು ಖಾಲಿ ಜಾಗ ಬರುತ್ತದೆ. ಲೋಡ್ ಇಲ್ಲ, ತಡೆಯುವವರೂ ಇಲ್ಲ. ನೀವು ಕೈ ತೆಗೆಯುವಷ್ಟರಲ್ಲಿ ಎಂಜಿನ್ ತನ್ನ ಮಿತಿ ದಾಟಿರುತ್ತದೆ. ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ ಗೋಡೆ ತೂತು ಮಾಡಿಕೊಂಡು ಹೊರಗೆ ಬಂದಿದ್ದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಬ್ಲೇಡ್ ಒಡೆದರೆ ಇನ್ನೂ ಕೆಟ್ಟದ್ದು.

ಕೆಲವು ಎಂಜಿನ್‌ಗಳಲ್ಲಿ ತೂಕಗಳ ಬದಲು ಫ್ಲೈವೀಲ್ (ಶಾಫ್ಟಿನ ಮೇಲ್ತುದಿಯ ದೊಡ್ಡ ಚಕ್ರ) ಪಕ್ಕದಲ್ಲಿ ತೆಳು ರೆಕ್ಕೆಯೊಂದು ಇರುತ್ತದೆ. ಫ್ಲೈವೀಲಿನ ಗಾಳಿ ಅದನ್ನು ತಳ್ಳಿ ಥ್ರಾಟಲ್ ಮುಚ್ಚುತ್ತದೆ. ಅಂಥದ್ದರಲ್ಲಿ ನಿಮ್ಮ ಹಾಗೆ ಹುಲ್ಲು ತುಂಬಿಕೊಂಡರೆ ಗಾಳಿ ಕಡಿಮೆಯಾಗಿ ಎಂಜಿನ್ ಜಾಸ್ತಿ ಓಡುತ್ತದೆ, ಅದರ ಜೊತೆಗೆ ತಂಪೂ ಆಗುವುದಿಲ್ಲ. ಎರಡು ಕಡೆಯಿಂದ ಏಟು.

ಇನ್ನೊಂದು, ಎಂಜಿನ್ ಗುಂಯ್ ಅಂತ ಏರುತ್ತಾ ಇಳಿಯುತ್ತಾ ಇದ್ದರೆ ಎಲ್ಲರೂ ಗವರ್ನರ್ ಸ್ಪ್ರಿಂಗ್ ಎಳೆದಾಡಲು ಹೋಗುತ್ತಾರೆ. ಬಹಳ ಸಲ ತಪ್ಪು ಅದರದ್ದಲ್ಲ. ಹಳೇ ಪೆಟ್ರೋಲ್ ಒಣಗಿ ಅಂಟಾಗಿ ಸಣ್ಣ ಜೆಟ್, ಅಂದರೆ ಪೆಟ್ರೋಲ್ ಬರುವ ತೂತು, ಕಟ್ಟಿರುತ್ತದೆ. ಪೆಟ್ರೋಲ್ ಸಾಲದೆ ಸ್ಪೀಡ್ ಬೀಳುತ್ತದೆ, ಗವರ್ನರ್ ತೆರೆಯುತ್ತದೆ, ದೊಡ್ಡ ಜೆಟ್‌ನಿಂದ ಪೆಟ್ರೋಲ್ ಬಂದು ಸ್ಪೀಡ್ ಏರುತ್ತದೆ, ಗವರ್ನರ್ ಮುಚ್ಚುತ್ತದೆ, ಮತ್ತೆ ಬೀಳುತ್ತದೆ. ಪಾಪ ಗವರ್ನರ್ ತನ್ನ ಕೆಲಸ ತಾನು ಮಾಡುತ್ತಿದೆ, ಬೈಗುಳ ಮಾತ್ರ ಅದಕ್ಕೆ.

ಕಿಡಿಯ ವಿಷಯ. ಫ್ಲೈವೀಲಿನ ಅಂಚಿನಲ್ಲಿ ಅಯಸ್ಕಾಂತ ಕೂರಿಸಿದ್ದಾರೆ, ಒಂದು ಸ್ಪ್ಯಾನರ್ ಹಿಡಿದು ನೋಡಿ, ಅಂಟಿಕೊಳ್ಳುತ್ತದೆ. ಅದರ ಪಕ್ಕದಲ್ಲೇ ಕಾಯಿಲ್. ಅಯಸ್ಕಾಂತ ಕಾಯಿಲ್ ಮುಂದೆ ಸರ್ರನೆ ಹಾದು ಹೋದಾಗ ಒಳಗಿನ ದಪ್ಪ ತಂತಿಯಲ್ಲಿ ಕರೆಂಟ್ ಹುಟ್ಟುತ್ತದೆ. ಸರಿಯಾದ ಕ್ಷಣಕ್ಕೆ ಅದನ್ನು ತಟ್ಟನೆ ಕಡಿಯುತ್ತಾರೆ. ಮುಂಚೆ ಅದಕ್ಕೆ ಪಾಯಿಂಟ್ ಅನ್ನುವ ಸ್ವಿಚ್ ಇರುತ್ತಿತ್ತು, ಈಗ ಕಾಯಿಲ್ ಒಳಗೇ ಟ್ರಾನ್ಸಿಸ್ಟರ್. ಕಡಿದಾಗ ಸಾವಿರಾರು ಸುತ್ತಿನ ತೆಳು ತಂತಿಯಲ್ಲಿ ಹತ್ತು ಸಾವಿರ ವೋಲ್ಟ್‌ಗೂ ಜಾಸ್ತಿ ಏಳುತ್ತದೆ. ಅದೇ ಪ್ಲಗ್‌ನ ಕಿಡಿ. ಅಯಸ್ಕಾಂತಕ್ಕೂ ಕಾಯಿಲ್‌ಗೂ ನಡುವೆ ಸುಮಾರು 0.25 ಮಿಲಿಮೀಟರ್ ಸಂದು. ದಪ್ಪ ವಿಸಿಟಿಂಗ್ ಕಾರ್ಡ್ ಒಂದನ್ನು ನಡುವೆ ಇಟ್ಟು ಕಾಯಿಲ್ ಬೋಲ್ಟ್ ಬಿಗಿ ಮಾಡಿದರೆ ಬಹುತೇಕ ಸರಿ ಬರುತ್ತದೆ. ಹಗ್ಗ ನಿಧಾನ ಎಳೆದರೆ ಸ್ಟಾರ್ಟ್ ಆಗದಿರುವುದೂ ಇದಕ್ಕೇ. ಅಯಸ್ಕಾಂತ ವೇಗವಾಗಿ ಹಾಯದಿದ್ದರೆ ಕಿಡಿ ಇಲ್ಲ.

ಒಂದು ಮಜಾ ಇದೆ. ಫ್ಲೈವೀಲ್ ಪ್ರತಿ ಸುತ್ತಿಗೂ ಒಂದು ಕಿಡಿ ಕೊಡುತ್ತದೆ. ಆದರೆ ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದೇ ಸಲ ಬೇಕು. ಉಳಿದ ಕಿಡಿ ಹೊಗೆ ಹೊರಗೆ ಹೋಗುವ ಹೊತ್ತಿಗೆ ಸುಮ್ನೆ ಹಾರುತ್ತದೆ, ಯಾರಿಗೂ ತೊಂದರೆ ಇಲ್ಲ. ಅದನ್ನು ತಪ್ಪಿಸಲು ಇನ್ನೊಂದು ಭಾಗ ಹಾಕುವುದಕ್ಕಿಂತ ವ್ಯರ್ಥ ಮಾಡುವುದೇ ಸುಲಭ ಅಂತ ಬಿಟ್ಟಿದ್ದಾರೆ. ನನಗೆ ಇಂಥ ಜಿಪುಣ ಬುದ್ಧಿ ಬಹಳ ಇಷ್ಟ.

ಆ ಎರಡು ಸುತ್ತಿನ ಲೆಕ್ಕ ನಿಕೋಲಸ್ ಆಟೋ 1876ರಲ್ಲಿ ಓಡಿಸಿ ತೋರಿಸಿದ್ದೇ. ಎಳೆಯುವುದು, ಒತ್ತುವುದು, ಉರಿಯುವುದು, ಊದುವುದು. ಇದು ನಿಮಗೆ ಗೊತ್ತು. ಎರಡು ಸುತ್ತಿನಲ್ಲಿ ಅರ್ಧ ಸುತ್ತು ಮಾತ್ರ ಬಲ ಸಿಗುತ್ತದೆ, ಉಳಿದ ಒಂದೂವರೆ ಸುತ್ತನ್ನು ಎಳೆದುಕೊಂಡು ಹೋಗುವುದು ಫ್ಲೈವೀಲ್. ಇಲ್ಲಿ ಬ್ಲೇಡ್ ಕೂಡ ಆ ಕೆಲಸದಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಫ್ಲೈವೀಲ್ ಹಗುರ ಅಲ್ಯೂಮಿನಿಯಂ ಆಗಿರುವ ಎಂಜಿನ್‌ನಲ್ಲಿ ಬ್ಲೇಡ್ ಬಿಚ್ಚಿ ಸ್ಟಾರ್ಟ್ ಮಾಡಲು ಹೋದರೆ ಹಗ್ಗ ಕೈಯಿಂದ ಕಿತ್ತುಕೊಂಡು ವಾಪಸ್ ಹೋಗುತ್ತದೆ.

ಆಯಿಲ್ ಪಂಪ್ ಇಂಥ ಬಹುತೇಕ ಎಂಜಿನ್‌ಗಳಲ್ಲಿ ಇಲ್ಲ. ರೆಕ್ಕೆ ಇರುವ ಒಂದು ಚಕ್ರ ಆಯಿಲ್‌ನಲ್ಲಿ ಅರ್ಧ ಮುಳುಗಿ ತಿರುಗುತ್ತದೆ. ಒದ್ದೆ ಕೊಡೆ ಗಿರ್ರನೆ ತಿರುಗಿಸಿದ ಹಾಗೆ ಎಲ್ಲ ಕಡೆ ಸಿಡಿಸುತ್ತದೆ. ಕ್ಯಾಮ್ (ವಾಲ್ವ್ ಎತ್ತುವ ಭಾಗ), ರಾಡ್, ಸಿಲಿಂಡರ್ ಗೋಡೆ ಎಲ್ಲದಕ್ಕೂ ಅದೇ. ಆದ್ದರಿಂದ ಆಯಿಲ್ ಮಟ್ಟ ಅಳತೆ ಕಡ್ಡಿಯ ಗುರುತಿಗಿಂತ ಕೆಳಗೆ ಹೋದರೆ ಸಿಡಿಯುವುದು ನಿಲ್ಲುತ್ತದೆ. ಎಚ್ಚರಿಸಲು ಲೈಟ್ ಇಲ್ಲ, ಏನೂ ಇಲ್ಲ.

ಬಿಚ್ಚಿನೋಡುವವ

ಸರ್, ತುಂಬಾ ಥ್ಯಾಂಕ್ಸ್. ಕಡ್ಡಿ ಮುಟ್ಟಲ್ಲ. ನೀವು ಹಗ್ಗ ವಾಪಸ್ ಕಿತ್ತುಕೊಳ್ಳುವ ಮಾತು ಹೇಳಿದಿರಲ್ಲ, ನನ್ನದು ಈಗ ಹಾಗೇ ಮಾಡುತ್ತಿದೆ! ಬ್ಲೇಡ್ ಬಿಚ್ಚಿಲ್ಲ. ಹಿಂದೆ ಒಮ್ಮೆ ಹುಲ್ಲಿನೊಳಗೆ ಅಡಗಿದ್ದ ಕಲ್ಲಿಗೆ ಬಡಿದು ಎಂಜಿನ್ ಟಕ್ ಅಂತ ನಿಂತಿತು. ಅಂದಿನಿಂದ ಎಳೆದರೆ ಹಗ್ಗ ಜಗ್ಗುತ್ತದೆ, ಒಮ್ಮೊಮ್ಮೆ ಕಾರ್ಬುರೇಟರ್ ಕಡೆಯಿಂದ ಪಟ್ ಅಂತ ಶಬ್ದ. ಪ್ಲಗ್ ಹೊಸದು ಹಾಕಿದೆ, ಕಿಡಿ ಚೆನ್ನಾಗಿದೆ.

ಹಳೇಸ್ಪ್ಯಾನರ್

ಇದನ್ನು ಮೊದಲೇ ಹೇಳಬೇಕಿತ್ತು ಮಾರಾಯರೇ. ಕಿಡಿ ಚೆನ್ನಾಗಿದೆ, ಆದರೆ ಬರಬಾರದ ಹೊತ್ತಿಗೆ ಬರುತ್ತಿದೆ.

ಫ್ಲೈವೀಲ್ ಶಾಫ್ಟಿನ ಓರೆಯಾದ ತುದಿಯ ಮೇಲೆ ಬಿಗಿಯಾಗಿ ಕೂರುತ್ತದೆ. ಅದು ಸರಿಯಾದ ಕೋನದಲ್ಲಿ ಕೂರಲಿ ಅಂತ ಇಬ್ಬರ ಸೀಳಿನಲ್ಲೂ ಸೇರುವ ಒಂದು ಸಣ್ಣ ಕೀ ಇದೆ. ಬ್ಲೇಡ್ ಕಲ್ಲಿಗೆ ಬಡಿದಾಗ ಶಾಫ್ಟ್ ತಕ್ಷಣ ನಿಂತಿತು. ಫ್ಲೈವೀಲ್ ಮಾತ್ರ ಓಡುತ್ತಿದ್ದ ರಭಸಕ್ಕೆ ಇನ್ನೂ ಸ್ವಲ್ಪ ಮುಂದೆ ತಿರುಗಿತು. ಕೀ ಅರ್ಧ ಕತ್ತರಿಸಿಹೋಯಿತು. ಈಗ ಅಯಸ್ಕಾಂತ ಕಾಯಿಲ್ ಮುಂದೆ ಇರಬೇಕಾದ್ದಕ್ಕಿಂತ ಬೇಗ ಬರುತ್ತಿದೆ. ಪಿಸ್ಟನ್ ಇನ್ನೂ ಮೇಲಕ್ಕೆ ಬರುತ್ತಿರುವಾಗಲೇ ಕಿಡಿ. ಉರಿದ ಗಾಳಿ ಪಿಸ್ಟನ್ನನ್ನು ಬಂದ ದಾರಿಗೇ ಒದೆಯುತ್ತದೆ, ಹಗ್ಗ ನಿಮ್ಮ ಕೈಯಿಂದ ಹೋಗುತ್ತದೆ.

ಫ್ಲೈವೀಲ್ ನಟ್ ಬಿಚ್ಚಿ ಮೇಲಿಂದ ನೋಡಿ. ಎರಡು ಸೀಳುಗಳು ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಕೀ ಹೋಗಿದೆ. ಕೂದಲೆಳೆಯಷ್ಟು ಸರಿದರೂ ತೊಂದರೆ ಕೊಡುತ್ತದೆ. ಫ್ಲೈವೀಲ್ ಎತ್ತಲು ಪುಲ್ಲರ್ ಬಳಸಿ, ಅಂಚಿಗೆ ಸುತ್ತಿಗೆಯಲ್ಲಿ ಹೊಡೆದು ಅಯಸ್ಕಾಂತ ಒಡೆಯಬೇಡಿ. ಹಾಗೆಯೇ ಪ್ಲಗ್ ಪೂರ್ತಿ ತೆಗೆದು ಹಗ್ಗವನ್ನು ಮೆಲ್ಲಗೆ ಎಳೆಯುತ್ತಾ ದೂರದಿಂದ ಶಾಫ್ಟಿನ ಕೆಳತುದಿ ನೋಡಿ. ಅದು ಅಲ್ಲಾಡಿದರೆ ಶಾಫ್ಟ್ ಬಾಗಿದೆ. ಆಗ ಕೀ ಬದಲಿಸಿ ಪ್ರಯೋಜನ ಇಲ್ಲ, ಅದನ್ನು ಓಡಿಸಲೇಬೇಡಿ.

ವಾಲ್ವ್‌ಸಂದು

ಹಳೇಸ್ಪ್ಯಾನರ್ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹಗ್ಗ ಒದೆಯುವುದು ಬೇರೆ, ಗಟ್ಟಿಯಾಗಿ ನಿಲ್ಲುವುದು ಬೇರೆ. ಒದೆತ ಇಲ್ಲದೆ ಬರೀ ಗಟ್ಟಿ ಅನ್ನಿಸಿದರೆ ವಾಲ್ವ್ ಸಂದು, ಅಂದರೆ ವಾಲ್ವಿಗೂ ಅದನ್ನು ತಳ್ಳುವ ಭಾಗಕ್ಕೂ ನಡುವಿನ ಜಾಗ, ನೋಡಿ. ಕ್ಯಾಮ್ ಮೇಲೆ ಒಂದು ಚಿಕ್ಕ ಉಬ್ಬು ಇರುತ್ತದೆ. ಹಗ್ಗ ಎಳೆಯುವ ನಿಧಾನ ಸ್ಪೀಡಿನಲ್ಲಿ ಅದು ವಾಲ್ವನ್ನು ಚೂರೇ ಚೂರು ಎತ್ತಿ ಒತ್ತಡ ಸೋರಿಸುತ್ತದೆ, ಇಲ್ಲದಿದ್ದರೆ 160 ಸಿಸಿ ಕೈಯಲ್ಲಿ ಎಳೆಯುವುದು ಸುಲಭ ಅಲ್ಲ. ವಾಲ್ವ್ ಸಂದು ಸವೆದು ಜಾಸ್ತಿಯಾದರೆ ಆ ಉಬ್ಬು ವಾಲ್ವ್‌ವರೆಗೆ ತಲುಪುವುದೇ ಇಲ್ಲ.

ಮತ್ತೆ ಬ್ಲೇಡ್ ನೋಡಲು ಮೆಷಿನ್ ವಾಲಿಸುವಾಗ ಕಾರ್ಬುರೇಟರ್, ಏರ್ ಫಿಲ್ಟರ್ ಇರುವ ಬದಿ ಮೇಲೆ ಬರಲಿ. ತಪ್ಪು ಬದಿಗೆ ವಾಲಿಸಿದರೆ ಆಯಿಲ್ ಫಿಲ್ಟರಿಗೂ ಸಿಲಿಂಡರಿಗೂ ನುಗ್ಗುತ್ತದೆ. ಆಮೇಲೆ ಬಿಳಿ ಹೊಗೆ ನೋಡಿ ಎಂಜಿನ್ ಹೋಯಿತು ಅಂತ ಗಾಬರಿ ಬೀಳುತ್ತಾರೆ.

ಬಿಚ್ಚಿನೋಡುವವ

ನಟ್ ತೆಗೆದೆ. ಸೀಳುಗಳು ಕಣ್ಣಿಗೆ ಕಾಣುವಷ್ಟು ಸರಿದಿವೆ. ಕೀ ಹೊರಗೆ ತೆಗೆದರೆ ನಡುವೆ ಮೆಟ್ಟಿಲು ಬಿದ್ದಿದೆ. ಶಾಫ್ಟ್ ನೆಟ್ಟಗಿದೆ, ಅಲ್ಲಾಟ ಇಲ್ಲ. ಕೀ ನೋಡಿದರೆ ಮೆತ್ತಗಿನ ಲೋಹ, ಚಾಕುವಿನಲ್ಲಿ ಗೀಚಿದರೆ ಗೆರೆ ಬೀಳುತ್ತದೆ. ಮತ್ತೆ ಹೀಗಾಗದಂತೆ ಉಕ್ಕಿನ ತುಂಡು ಅರೆದು ಕೀ ಮಾಡಿಕೊಳ್ಳಲಾ?

ಹಳೇಸ್ಪ್ಯಾನರ್

ಬೇಡ. ನಿಮ್ಮ ಎಂಜಿನ್‌ಗೆ ಕಂಪನಿ ಮೆತ್ತಗಿನ ಕೀ ಕೊಟ್ಟಿದ್ದರೆ ಅದೇ ಅಳತೆಯ, ಅದೇ ಲೋಹದ ಕೀ ಹಾಕಿ. ಉಕ್ಕಿನದು ಹಾಕಿದರೆ ಮುಂದಿನ ಕಲ್ಲಿಗೆ ಕೀ ಉಳಿಯುತ್ತದೆ, ಫ್ಲೈವೀಲ್ ಬಿರುಕು ಬಿಡುತ್ತದೆ ಅಥವಾ ಶಾಫ್ಟಿನ ಸೀಳು ಹರಿಯುತ್ತದೆ.

ಇನ್ನೊಂದು. ಫ್ಲೈವೀಲನ್ನು ಹಿಡಿದಿಡುವುದು ಕೀ ಅಲ್ಲ, ಆ ಓರೆ ತುದಿಯ ಬಿಗಿತ. ಕೂರಿಸುವ ಮುಂಚೆ ಎರಡು ಮೇಲ್ಮೈಯನ್ನೂ ಒಣ ಬಟ್ಟೆಯಲ್ಲಿ ಒರೆಸಿ. ಗ್ರೀಸ್, ಆಯಿಲ್ ಒಂದು ತೊಟ್ಟೂ ಇರಬಾರದು. ನಟ್ಟನ್ನು ಅಂದಾಜಿಗೆ ಬಿಗಿಯಬೇಡಿ, ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವಷ್ಟು ಟಾರ್ಕ್ ರೆಂಚ್‌ನಲ್ಲಿ ಬಿಗಿಯಿರಿ. ಸಡಿಲ ಬಿಟ್ಟರೆ ಕಲ್ಲೇ ಬೇಡ, ಹೊಸ ಕೀ ತಾನಾಗಿಯೇ ಕತ್ತರಿಸಿಹೋಗುತ್ತದೆ. ಬ್ಲೇಡ್ ಬೋಲ್ಟ್‌ಗೂ ಇದೇ ಮಾತು, ಅದು ಸಡಿಲ ಇದ್ದರೂ ಹಗ್ಗ ಒದೆಯುತ್ತದೆ. ಕಾಯಿಲ್ ಸಂದು ಮತ್ತೆ ನೋಡಿ, ಕವರ್ ಹಾಕುವ ಮುಂಚೆ ಸಿಲಿಂಡರಿನ ರೆಕ್ಕೆಗಳ ನಡುವಿನ ಹುಲ್ಲು ತೆಗೆಯಿರಿ. ನೀವು ಶುರು ಮಾಡಿದ್ದೇ ಆ ಕೆಲಸಕ್ಕೆ ಅಲ್ವಾ, ಅದಿನ್ನೂ ಹಾಗೇ ಇದೆ ಅಂತ ನನ್ನ ಅನುಮಾನ.