ಬಾಲ ನಿಲ್ಲದ ಹೆಲಿಕಾಪ್ಟರೂ ಪಾಪಣ್ಣನ ಹಿಟ್ಟಿನ ಮಿಲ್ಲೂ

"ಅಲ್ಲಾ ಲೋಕಿ, ಇದೇ ಸಾಲಗಾಮೆ ರಸ್ತೇಲಿ ಕೂತ್ಕೊಂಡು ಇಸ್ರೋದ ಉಪಗ್ರಹ ಕಂಟ್ರೋಲ್ ಕೇಂದ್ರ ಎಂಸಿಎಫ್‌ನೋರು 1982ರಿಂದ ಉಪಗ್ರಹ ನೋಡ್ಕೊತಾವ್ರೆ. 36,000 ಕಿಲೋಮೀಟರ್ ಮೇಲಿರೋದ್ರ ಮೂತಿ ಒಂಚೂರು ವಾಲಿದ್ರೂ ಇಲ್ಲಿಂದ್ಲೇ ಸರಿ ಮಾಡ್ತಾರೆ. ನಿನ್ನ ಕೈಲಿ ಎದೆಮಟ್ಟಕ್ಕೆ ಎದ್ದಿರೋ ಹೆಲಿಕಾಪ್ಟರ್ ಬಾಲ ನಿಲ್ಸೋಕಾಗಲ್ವಲ್ಲೋ!"

ಸೀನ ಹೀಗೆ ಶುರು ಹಚ್ಚಿಕೊಂಡಾಗ ಪಾಪಣ್ಣನ ಮಿಲ್ಲಿನಲ್ಲಿ ಕರೆಂಟು ಹೋಗಿತ್ತು. ರಾಗಿ ಡಬ್ಬಗಳು ಸಾಲಾಗಿ ಕೂತಿದ್ದವು, ಅವುಗಳ ಯಜಮಾನರು "ಆಮೇಲೆ ಬರ್ತೀವಿ" ಅಂತ ಎದ್ದು ಹೋಗಿದ್ದರು. ಹರಟೆಗೆ ಕರೆಂಟು ಹೋದ ಹಿಟ್ಟಿನ ಮಿಲ್ಲಿಗಿಂತ ಒಳ್ಳೆ ಜಾಗ ಹಾಸನದಲ್ಲಿ ನನಗಂತೂ ಗೊತ್ತಿಲ್ಲ. ಕರೆಂಟು ಇದ್ದರೆ ಅಲ್ಲಿ ಜಗಳವನ್ನೂ ಕೈಸನ್ನೆಯಲ್ಲೇ ಆಡಬೇಕು.

ಲೋಕಿ ಸೊಸೈಟಿಯಲ್ಲಿ ಗುಮಾಸ್ತ. ಅರಿಯರ್ಸ್ ಬಂದದ್ದೇ ತಡ, ರಿಮೋಟ್ ಹೆಲಿಕಾಪ್ಟರ್ ಕಿಟ್ ತರಿಸಿದ. ಬಿಲ್ಲಿನಲ್ಲಿದ್ದ ಬೆಲೆಗೂ ಹೆಂಡತಿಗೆ ಹೇಳಿದ ಬೆಲೆಗೂ ಇರುವ ವ್ಯತ್ಯಾಸದಲ್ಲಿ ಇನ್ನೊಂದು ಹೆಲಿಕಾಪ್ಟರ್ ಬರುತ್ತದೆ. ಮೊದಮೊದಲು ಚೆನ್ನಾಗಿಯೇ ಹಾರಿತು, ಬಾಲ ಮಾತ್ರ ಸಣ್ಣಗೆ ಅಲ್ಲಾಡುತ್ತಿತ್ತು. ಅದನ್ನು ಸರಿಮಾಡಲು ಇಡೀ ಬಾಲ ಬಿಚ್ಚಿ, ಮತ್ತೆ ಕೂಡಿಸಿ, ಭಾನುವಾರ ಬಾಳ್ಳುಪೇಟೆ ಕಡೆಯ ಮಾವನ ತೋಟಕ್ಕೆ ಒಯ್ದ. ಕೊಯ್ಲು ಮುಗಿದ ಕಾಫಿ ಕಣ, ಅಗಲವಾದ ಸಿಮೆಂಟು ನೆಲ, ಮುಳ್ಳಿಲ್ಲ, ತಂತಿಯಿಲ್ಲ. ಮಾವ, ಅತ್ತೆ, ಆಳುಕಾಳು ಎಲ್ಲ ಸೇರಿದರು. ಹೆಲಿಕಾಪ್ಟರ್ ಎದ್ದದ್ದೇ ಗಿರಗಿರ ಬುಗುರಿ ಆಡಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ ಗೋಡೆಗೆ ಹೋಗಿ ಬಿತ್ತು.

"ಅಳಿಯಂದ್ರೇ, ಇಳಿಸೋದು ಹಿಂಗೇನಾ ಅಂತ ಕೇಳಿದ್ರು ಮಾವ," ಅಂದ ಲೋಕಿ.

"ನೀನೇನಂದೆ?"

"ಹೂಂ ಅಂದೆ."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ನ್ಯೂಟನ್ ಮೂರೇ ನಿಯಮ ಬರೆದಿಟ್ಟು ಹೋದನಲ್ಲ ಅಂತ ಅವರಿಗೆ ಇವತ್ತಿಗೂ ಬೇಜಾರು. "ಇದು ಮೂರನೇ ನಿಯಮ ಕಣಯ್ಯ. ಮೇಲಿನ ರೆಕ್ಕೆ ಗಡಿಯಾರದ ದಿಕ್ಕಿಗೆ ಸುತ್ತಿದರೆ ಒಡಲು ಅದರ ಎದುರು ದಿಕ್ಕಿಗೆ, ಅಂದರೆ ಮೂತಿ ಎಡಕ್ಕೆ, ಸುತ್ತೋಕೆ ನೋಡುತ್ತೆ. ಬಾಲದ ಪುಟ್ಟ ರೆಕ್ಕೆ ಗಾಳೀನ ಪಕ್ಕಕ್ಕೆ ತಳ್ಳಿ ತಡೀಬೇಕು. ಸಿಕೋರ್ಸ್ಕಿ 1939ರಲ್ಲಿ ವಿಎಸ್-300 ಎಬ್ಬಿಸಿದ ಮೇಲೆ ಒಂದು ಹಂತದಲ್ಲಿ ಅದರ ಬಾಲಕ್ಕೆ ಮೂರು ರೋಟರ್ ಹಾಕಿ ನೋಡಿದ್ದ. ಕೊನೆಗೆ ಒಂದಕ್ಕೆ ಇಳಿದ."

"ಮೂರಾ! ಇವನಿಗೆ ಒಂದನ್ನೇ ಸಾಕೋಕಾಗ್ತಿಲ್ಲ," ಅಂದ ಸೀನ. "ಲೋಕಿ, ಹಾಸನಾಂಬ ಜಾತ್ರೇಲಿ ಮಕ್ಕಳ ಹೆಲಿಕಾಪ್ಟರ್ ಮಾರ್ತಾರಲ್ಲ, ಒಂದರ ಮೇಲೊಂದು ಎರಡು ರೆಕ್ಕೆ, ಒಂದು ಬಲಕ್ಕೆ ಒಂದು ಎಡಕ್ಕೆ. ಎರಡೂ ಒಂದಕ್ಕೊಂದು ವಜಾ. ಸುತ್ತೋ ಪ್ರಶ್ನೇನೇ ಇಲ್ಲ. ಅದನ್ನ ತಗೊಳೋದು ಬಿಟ್ಟು…"

"ಅದಕ್ಕೂ ಬಾಲದಲ್ಲಿ ರೆಕ್ಕೆ ಇರುತ್ತಲ್ಲೋ?"

"ಅದು ಮಲಗಿರುತ್ತೆ. ಬಾಲ ಎತ್ತಿ ಇಳಿಸಿ ಮುಂದಕ್ಕೆ ಹಿಂದಕ್ಕೆ ಹೋಗೋಕೆ ಮಾತ್ರ. ಗುರು, ನಿಂದು ಗೈರೋ, ಬಾಲ ಎತ್ತ ತಿರುಗಿದ್ರೂ ತಿದ್ದೋ ಬೋರ್ಡು, ಹೋಗೈತೆ. ಹೊಸದು ಹಾಕು."

ಸೀನನದು ಮೊಬೈಲ್ ರಿಪೇರಿ ಅಂಗಡಿ. ಅವನ ಲೋಕದಲ್ಲಿ ಯಾವುದೂ ಸಡಿಲವಾಗುವುದಿಲ್ಲ, ಸವೆಯುವುದಿಲ್ಲ. 'ಬೋರ್ಡು ಹೋಗಿರುತ್ತೆ', ಅಷ್ಟೆ. ಹೆಲಿಕಾಪ್ಟರ್ ಹಾರಿಸುವ ಮಂದಿಯಲ್ಲೂ ಬಾಲ ಕೆಟ್ಟರೆ ಮೊದಲ ಗುಮಾನಿ ಗೈರೋ ಮೇಲೇ. ಡಬ್ಬಿಯಲ್ಲಿ ದುಬಾರಿ ಸಾಮಾನುಗಳಲ್ಲಿ ಅದೂ ಒಂದಾಗಿರುವುದರಿಂದ ಕಳ್ಳನೂ ಅದೇ ಇರಬೇಕು ಅನ್ನುವ ನ್ಯಾಯ.

ಅಲ್ಲಿಯವರೆಗೆ ಪಾಪಣ್ಣ ಮಾತಾಡಿರಲಿಲ್ಲ. ಹಿಟ್ಟಿನ ಕೈಯನ್ನು ಲುಂಗಿಗೆ ಒರೆಸಿ ಕೇಳಿದ: "ಮೋಟ್ರು ಮುಂದೈತೆ. ಬಾಲ ಅಷ್ಟು ದೂರ ಐತೆ. ಅದು ತಿರುಗೋದು ಹೆಂಗೆ?"

"ಈ ಕೊಳವೆ ಒಳಗೆ ಬೆಲ್ಟ್ ಹೋಗುತ್ತಣ್ಣ. ಹಲ್ಲಿನ ಬೆಲ್ಟು."

"ಬೆಲ್ಟಾ?" ಪಾಪಣ್ಣ ಎದ್ದೇ ಬಿಟ್ಟ. "ಹಂಗಂತ ಮೊದ್ಲೇ ಹೇಳೋದಲ್ವೇನ್ಲಾ? ತಾ ಇಲ್ಲಿ. ಬ್ಯಾಟ್ರಿ ಕಿತ್ತಿದ್ದೀಯಾ?"

"ಕಿತ್ತಿದ್ದೀನಿ."

"ಮೋಟ್ರು ವೈರೂ ಕೀಳು. ಕೈಬೆರಳು ನಂದು."

ಹೆಲಿಕಾಪ್ಟರನ್ನು ತೂಕದ ಯಂತ್ರದ ಮೇಲಿಟ್ಟು (ಅಭ್ಯಾಸಬಲ, ತೂಕವನ್ನೂ ನೋಡಿಕೊಂಡ) ಪರೀಕ್ಷೆ ಶುರುವಾಯಿತು. ಮುಂದಿನ ಪುಲ್ಲಿ ನೆಲಕ್ಕೆ ಮಲಗಿದೆ, ಬಾಲದ ಪುಲ್ಲಿ ನೆಟ್ಟಗೆ ನಿಂತಿದೆ. ಹಾಗಾಗಿ ಕೊಳವೆಯೊಳಗೆ ಬೆಲ್ಟು ಕಾಲು ಸುತ್ತು ಹೊರಳಲೇಬೇಕು.

"ಯಾವ ಕಡೀಕೆ ಹೊರಳಿಸಿದ್ದೀ?"

"ಯಾವ ಕಡೆಗಾದ್ರೇನಣ್ಣ, ಪುಲ್ಲಿ ಮೇಲೆ ಕೂತ್ಕೊಂತಲ್ಲ."

ಪಾಪಣ್ಣ ಹಣೆಗೆ ಬಡಿದುಕೊಂಡ. ಹಣೆ ಬೆಳ್ಳಗಾಯಿತು. "ನಮ್ಮಪ್ಪನ ಕಾಲ್ದಲ್ಲಿ ಈ ಮಿಲ್ಲು ಆಯಿಲ್ ಎಂಜಿನ್ನಲ್ಲಿ ಓಡ್ತಿತ್ತು, ಅಗಲದ ಪಟ್ಟೆ ಬೆಲ್ಟು. ನೇರ ಹಾಕಿದ್ರೆ ಕಲ್ಲು ಎಂಜಿನ್ ಕಡೀಕೇ ತಿರುಗ್ತಿತ್ತು. ಕತ್ರಿ ಹಾಕಿದ್ರೆ ಉಲ್ಟಾ. ಬೆಲ್ಟಿಗೆ ಮರ್ಯಾದೆ ಕೊಡ್ಬೇಕು ಕಣ್ಲಾ. ಇದಕ್ಕೂ ಅಷ್ಟೇಯ. ನೋಡು." ಮೇಲಿನ ರೆಕ್ಕೆಯನ್ನು ಅದು ಹಾರುವಾಗ ಸುತ್ತುವ ಕಡೆಗೇ ಕೈಯಿಂದ ಮೆಲ್ಲಗೆ ತಿರುಗಿಸಿದ. ಬಾಲದ ರೆಕ್ಕೆಯೂ ತಿರುಗಿತು. ಆದರೆ ಗಾಳಿಯನ್ನು ಮೊದಲು ಸೀಳಬೇಕಾದ ದಪ್ಪ ದುಂಡನೆಯ ಅಂಚು ಹಿಂದೆ, ತೆಳ್ಳನೆಯ ಅಂಚು ಮುಂದೆ.

"ಹಿಮ್ಮುಖ!" ಅಂದರು ಮೇಷ್ಟ್ರು, ಪರೀಕ್ಷೆಯಲ್ಲಿ ಯಾರೋ ಕಾಪಿ ಹೊಡೆಯುವಾಗ ಹಿಡಿದ ಸಂತೋಷದಲ್ಲಿ. "ಹಾಗಾದರೆ ಪಾಪ ಗೈರೋದ ತಪ್ಪೇನೂ ಇಲ್ಲ. ಮೂತಿ ಎಡಕ್ಕೆ ಹೋಯ್ತು ಅಂತ ಅದು ಬಾಲಕ್ಕೆ ಜೋರು ಮಾಡು ಅಂತ ಹೇಳಿದೆ. ಬಾಲ ಜೋರೂ ಮಾಡಿದೆ, ಆದರೆ ಎದುರು ಪಾರ್ಟಿ ಕಡೆಗೆ. ಅದಕ್ಕೇ ಬುಗುರಿ."

ಸೀನ ಅಷ್ಟಕ್ಕೆಲ್ಲ ಸೋಲುವವನಲ್ಲ. "ಗೈರೋನೂ ಉಲ್ಟಾ ಸೆಟ್ ಆಗಿದ್ರೆ ಹಿಂಗೇ ಸುತ್ತುತ್ತೆ. ಅದನ್ನ ನೋಡದೆ ತೀರ್ಪು ಕೊಡಬ್ಯಾಡಿ."

ಇದು ನ್ಯಾಯವಾದ ಮಾತೇ. ಮೋಟಾರ್ ವೈರು ಬಿಚ್ಚಿದ ಹಾಗೇ ಇಟ್ಟು ಬ್ಯಾಟರಿ ಕೊಟ್ಟರು. ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿ ಬಾಲದ ಸ್ಲೈಡರ್ (ಶಾಫ್ಟಿನ ಮೇಲೆ ಜಾರಿ ಬಾಲದ ರೆಕ್ಕೆಗಳ ಓರೆ ಬದಲಿಸುವ ತುಂಡು) ಯಾವ ಕಡೆ ಸರಿಯಿತು ಅಂತ ಗುರುತು ಮಾಡಿಕೊಂಡರು. ಆಮೇಲೆ ಕಡ್ಡಿ ಬಿಟ್ಟು, ಹೆಲಿಕಾಪ್ಟರ್ ಮೂತಿಯನ್ನೇ ಕೈಯಿಂದ ಎಡಕ್ಕೆ ಹೊರಳಿಸಿದರು. ಸ್ಲೈಡರ್ ಅದೇ ಕಡೆ ಸರಿಯಿತು. ಗೈರೋ ನಿರ್ದೋಷಿ. ಸೀನ ತಲೆ ಕೆರೆದುಕೊಂಡು, "ಬೋರ್ಡು ಚೆನ್ನಾಗೈತೆ ಅಂತ ನಾನೂ ಅಂದ್ಕೊಂಡಿದ್ದೆ," ಅಂದ.

ಬೆಲ್ಟು ಬಿಚ್ಚಿ ಇನ್ನೊಂದು ಕಡೆಗೆ ಹೊರಳಿಸಿ ಹಾಕಿದ್ದು ಪಾಪಣ್ಣನೇ. ಹಾಕಿ, ಮುಂದಿನ ಸಂದಿಯಲ್ಲಿ ಬೆಲ್ಟಿನ ಎರಡೂ ಎಳೆಯನ್ನು ಬೆರಳಲ್ಲಿ ಹಿಸುಕಿದ. ಎರಡೂ ಬಂದು ಒಂದಕ್ಕೊಂದು ಅಂಟಿಕೊಂಡವು. "ಇದೇನ್ಲಾ, ಲಾಡಿ ಇದ್ದಂಗೈತೆ! ಲೋಡು ಬಿದ್ದಾಗ ಹಲ್ಲು ಹಾರ್ತದೆ. ಕಟಕಟ ಅಂತಿತ್ತಾ?"

"ಒಂದೊಂದ್ಸಲ, ಜೋರಾಗಿ ಮೇಲಕ್ಕೆತ್ತಿದಾಗ. ನಾನು ಅದು ಎಂಜಿನ್ ಸೌಂಡು ಅಂದ್ಕೊಂಡೆ."

"ಎಂಜಿನ್ನೇ ಇಲ್ವಲ್ಲೋ ಅದಕ್ಕೆ!" ಸೀನ ನಕ್ಕ.

ಬಾಲದ ಕೊಳವೆಯನ್ನು ಹಿಡಿದಿಡುವ ಕ್ಲಾಂಪಿನ ಸ್ಕ್ರೂ ಸಡಿಲಾಗಿ, ಕೊಳವೆಯೇ ಮುಂದಕ್ಕೆ ಜರುಗಿತ್ತು. ಕೊಳವೆ ಜರುಗಿದರೆ ಬೆಲ್ಟು ತಾನಾಗೇ ಸಡಿಲ. ಹಿಂದಕ್ಕೆ ಎಳೆದು ಬಿಗಿ ಮಾಡಿದರು. ಲೋಕಿ ಇನ್ನೂ ಎಳೆಯೋಣ ಅಂದ. "ಸಾಕು," ಅಂದ ಪಾಪಣ್ಣ. "ಜಾಸ್ತಿ ಬಿಗಿದ್ರೆ ಬೇರಿಂಗು ತಿಂತದೆ, ಬ್ಯಾಟ್ರೀನೂ ತಿಂತದೆ. ಕೈಲಿ ತಿರುಗಿಸಿದ್ರೆ ಹಗುರಕ್ಕೆ ತಿರುಗಬೇಕು."

"ಬೆಲ್ಟು ಹಳೇ ಕಾಲ," ಅಂದ ಸೀನ. "ಈಗ ಕೊಳವೆ ಒಳಗೆ ಶಾಫ್ಟೇ ಹಾಕ್ತಾರೆ, ಎರಡೂ ತುದೀಲಿ ಗೇರು. ಎಳೆಯೋದೂ ಇಲ್ಲ, ಹೊರಳಿಸೋದೂ ಇಲ್ಲ."

"ಬಾಲದ ರೆಕ್ಕೆ ನೆಲಕ್ಕೆ ತಾಗಿದ್ರೆ?"

"ಗೇರಿನ ಹಲ್ಲು ಉದುರುತ್ತೆ."

"ಬೆಲ್ಟು?"

"ಹಾರಿ ಸುಮ್ಮನಾಗಬೋದು…"

"ಮಾತಾಡಬ್ಯಾಡ ಇನ್ನು." ನನ್ನ ವೋಟೂ ಪಾಪಣ್ಣನಿಗೇ. ಹುಲ್ಲಿನ ಮೇಲೆ ಇಳಿಸಿ ಕಲಿಯುವವರಿಗೆ ಬೆಲ್ಟೇ ಸರಿ, ಕೈ ಪಳಗಿದ ಮೇಲೆ ಶಾಫ್ಟು ನೋಡಿಕೊಳ್ಳಲಿ.

ಬುಗುರಿ ರೋಗ ವಾಸಿಯಾಯಿತು, ಆದರೆ ಅದು ಲೋಕಿಯೇ ತಂದು ಹಾಕಿಕೊಂಡ ರೋಗ. ಹಳೇದು, ಅಂದರೆ ಬಾಲ ಅಲ್ಲಾಡುವುದು, ಹಾಗೇ ಉಳಿದಿತ್ತು.

"ಗೇನ್ ಇಳಿಸು," ಅಂದ ಸೀನ. ಗೈರೋ ಎಷ್ಟು ಚುರುಕಾಗಿ ತಿದ್ದಬೇಕು ಅನ್ನುವ ಲೆಕ್ಕಕ್ಕೆ ಗೇನ್ ಅನ್ನುತ್ತಾರೆ. ಹೆಚ್ಚಾದರೆ ತಿದ್ದಿದ್ದನ್ನೇ ತಿದ್ದಿ ಬಾಲ ನಡುಗುತ್ತದೆ, ಕಡಿಮೆಯಾದರೆ ಮೆಲ್ಲಗೆ ಜಾರಿಕೊಂಡು ಹೋಗುತ್ತದೆ.

"ಇಳಿಸಿದೆ. ನಡುಕ ನಿಂತ್ರೆ ಜಾರುತ್ತೆ, ಜಾರೋದು ನಿಂತ್ರೆ ನಡುಗುತ್ತೆ. ಅದಕ್ಕೇ ಸ್ಲೈಡರ್ ಎಳೆಯೋ ಪುಟ್ಟ ಮೋಟ್ರು, ಅದೇ ಸರ್ವೋ, ಬದಲಾಯಿಸೋಣ ಅಂತ ಮನೇಲಿದ್ದ ಹಳೇ ಅನಲಾಗ್ ಸರ್ವೋ ಒಂದು—"

"ಹಾಕಿದ್ಯಾ?" ಸೀನ ನಿಜಕ್ಕೂ ಗಾಬರಿಯಾದ. "ಗೈರೋ ಡಿಜಿಟಲ್ ಮೋಡಲ್ಲಿ ಸೆಕೆಂಡಿಗೆ 333 ಸಲ ಆರ್ಡರ್ ಕೊಡ್ತಿದ್ರೆ ಅನಲಾಗ್ ಸರ್ವೋ ಸುಟ್ಟು ಹೋಗುತ್ತೆ ಕಣೋ. ಇನ್ನೊಂದು, 760 ಮೈಕ್ರೋಸೆಕೆಂಡ್ ಸಿಗ್ನಲ್ ಕೇಳೋ ಸರ್ವೋಗೆ 1520ರ ಸಿಗ್ನಲ್ ಕೊಟ್ರೂ ಕೆಲಸ ಕೆಡುತ್ತೆ."

"ಹಾಕೋಕೆ ಹೋದೆ. ಸ್ಕ್ರೂ ಸಿಗಲಿಲ್ಲ."

"ಸ್ಕ್ರೂ ಕಳ್ಕೊಂಡು ಉಳ್ಕೊಂಡೆ."

ಸರ್ವೋದಿಂದ ಬಾಲಕ್ಕೆ ಹೋಗುವ ಕಡ್ಡಿಯನ್ನು ಬಿಡಿಸಿ ಸ್ಲೈಡರನ್ನು ಬೆರಳಲ್ಲಿ ದೂಡಿ ನೋಡಿದರು. ಅದು ತಾನೇ ಜಾರುವಷ್ಟು ಹಗುರ ಇರಬೇಕು, ಇಲ್ಲಿ ಒಂದು ಕಡೆ ಹಿಡಿಯುತ್ತಿತ್ತು. ಕೆದಕಿದರೆ ಸಂದಿಯಲ್ಲಿ ಮಣ್ಣು, ಕಾಫಿ ಹಣ್ಣಿನ ಒಣ ಸಿಪ್ಪೆ. ಹೀಗೆ ಹಿಡಿದು ಬಿಟ್ಟು ಮಾಡುವ ಸ್ಲೈಡರಿಗೆ ಗೈರೋ ಎಷ್ಟು ಬುದ್ಧಿ ಹೇಳಿದರೂ ತಡವಾಗೇ ತಲುಪುತ್ತದೆ. ಬಾಲದ ರೆಕ್ಕೆಗಳ ಬೋಲ್ಟನ್ನೂ ಲೋಕಿ ಜೀವ ಹೋಗುವ ಹಾಗೆ ಬಿಗಿದಿದ್ದ.

"ಹಾರಿ ಹೋದ್ರೆ ಅಂತ ಭಯ ಮೇಷ್ಟ್ರೇ."

"ಬೋಲ್ಟು ಕಳಚಬಾರದು, ಆದರೆ ರೆಕ್ಕೆ ಮಿಸುಕಬೇಕು. ಮೇಲಿನ ರೆಕ್ಕೆ 2,500 ಸುತ್ತು ಸುತ್ತಿದರೆ ಬಾಲದ್ದು ಅದರ ನಾಲ್ಕು ಪಟ್ಟಿಗೂ ಹೆಚ್ಚು, ಅಂದರೆ ನಿಮಿಷಕ್ಕೆ 10,000 ದಾಟುತ್ತೆ. ಆ ವೇಗಕ್ಕೆ ಅದು ತಾನೇ ಹೊರಕ್ಕೆ ಎಳೆದು ನೆಟ್ಟಗಾಗುತ್ತೆ. ನೀನು ಸೊಟ್ಟಗೆ ಬಿಗಿದರೆ ಸೊಟ್ಟಗೇ ಸುತ್ತುತ್ತೆ, ಅಲ್ಲಿಂದಲೇ ಕಂಪನ."

ನಿಜವಾದ ಕಳ್ಳ ಸಿಕ್ಕಿದ್ದು ಆಮೇಲೆ. ಪಾಪಣ್ಣ ಮೇಲಿನ ರೆಕ್ಕೆಯನ್ನು ಒಂದು ಕೈಯಲ್ಲಿ ಹಿಡಿದು, ಬಾಲದ ರೆಕ್ಕೆಗಳನ್ನು ಹಿಡಿದಿರುವ ನಡುವಿನ ತುಂಡನ್ನು, ಅಂದರೆ ಹಬ್ಬನ್ನು, ಇನ್ನೊಂದರಲ್ಲಿ ತಿರುವಿದ. ಶಾಫ್ಟು ನಿಂತೇ ಇತ್ತು, ಹಬ್ಬು ಚೂರು ತಿರುಗಿತು. ಶಾಫ್ಟಿನಲ್ಲಿ ಇದಕ್ಕಂತಲೇ ಕೊರೆದ ಸಣ್ಣ ಗುಳಿಯಲ್ಲಿ ಹಬ್ಬಿನ ಗ್ರಬ್ ಸ್ಕ್ರೂ, ಅಂದರೆ ತಲೆಯಿಲ್ಲದ ಸಣ್ಣ ಸ್ಕ್ರೂ, ಕೂರಬೇಕು. ಲೋಕಿ ಅದನ್ನು ಗುಳಿಯ ಪಕ್ಕದಲ್ಲಿ ಬಿಗಿದಿದ್ದ. ನೆಲದ ಮೇಲೆ ಗಟ್ಟಿ, ಗಾಳಿಯಲ್ಲಿ ಜಾರಾಟ.

"ಫೆವಿಕ್ವಿಕ್ ಹಾಕಿ ಮುಗ್ಸೋಣ," ಅಂದ ಸೀನ.

"ಮುಂದೆ ಬಿಚ್ಚೋದು ಯಾರು, ನಿಮ್ಮಪ್ಪನಾ? ಸ್ಕ್ರೂ ಸಡಿಲಾಗದ ಹಾಗೆ ಹಿಡಿಯೋ ನೀಲಿ ಥ್ರೆಡ್‌ಲಾಕರ್ ಸಾಕು," ಅಂದ ಲೋಕಿ, ಆ ಸಂಜೆ ಮೊದಲ ಬಾರಿಗೆ ಗೊತ್ತಿರುವವನ ದನಿಯಲ್ಲಿ. ಸ್ಕ್ರೂವಿನ ಎಣ್ಣೆ ಒರೆಸಿ, ಗುಳಿಗೆ ಸರಿಯಾಗಿ ಕೂರಿಸಿ, ಒಂದೇ ಹನಿ ಬಿಟ್ಟ. ಜಾಸ್ತಿಯಾದರೆ ಬೇರಿಂಗಿಗೆ ಇಳಿದು ಅದನ್ನೇ ಹಿಡಿದುಬಿಡುತ್ತದೆ. ಕೆಲವು ಪ್ಲಾಸ್ಟಿಕ್ಕಿಗೆ ತಾಗಿದರೆ ಬಿರುಕೂ ಬಿಡುತ್ತದೆ.

ಎಲ್ಲ ಕೂಡಿಸಿದ ಮೇಲೆ ಮೇಷ್ಟ್ರು ಮೇಲಿನ ರೆಕ್ಕೆಯನ್ನು ಹಾರುವ ದಿಕ್ಕಿಗೆ ಒಮ್ಮೆ ಬೀಸಿ ಬಿಟ್ಟರು. ಮೋಟಾರ್ ಮಿಸುಕಲಿಲ್ಲ, ಬಾಲ ಮಾತ್ರ ಜೊತೆಗೇ ಸುತ್ತಿತು. "ನೋಡಿದೆಯಾ? ಒನ್‌ವೇ ಬೇರಿಂಗು. ಮೋಟಾರ್ ಸತ್ತರೂ, ಇಳಿಯುವಾಗ ಕೆಳಗಿನಿಂದ ಬರೋ ಗಾಳಿಗೆ ಮೇಲಿನ ರೆಕ್ಕೆ ಸುತ್ತುತ್ತೆ, ಬಾಲವನ್ನೂ ಸುತ್ತಿಸುತ್ತೆ. ಅದಕ್ಕೆ ಆಟೋರೊಟೇಶನ್ ಅಂತಾರೆ. ಭಾನುವಾರ ತೆಂಗಿನಮರದೆತ್ತರಕ್ಕೆ ಒಯ್ದು ಮೋಟಾರ್ ಆಫ್ ಮಾಡಿಬಿಡು. ಹೆದರಬೇಡ, ಭೌತಶಾಸ್ತ್ರ ಕೈಬಿಡಲ್ಲ."

"ಭೌತಶಾಸ್ತ್ರ ಬಿಲ್ಲು ಕಟ್ಟುತ್ತಾ ಮೇಷ್ಟ್ರೇ?"

"ಛೇ, ವಿಜ್ಞಾನಕ್ಕೆ ಅಷ್ಟೂ ತ್ಯಾಗ ಮಾಡದಿದ್ದರೆ ಹೇಗಯ್ಯ?"

ಲೋಕಿ ಹೆಲಿಕಾಪ್ಟರನ್ನು ಡಬ್ಬಿಗೆ ಹಾಕಿ, ಮುಚ್ಚಿ, ಡಬ್ಬಿಯ ಮೇಲೆ ತಾನೇ ಕೂತುಬಿಟ್ಟ. ಪಾಪಣ್ಣ ಬಂದು ಅವನ ಮುಂದೆ ಕೈ ಚಾಚಿದ.

"ಏನಣ್ಣ?"

"ತೂಕದ ಮಿಷನ್ ಬಾಡಿಗೆ."